ಕಟ್ಟಿಗೆ ಟ್ಯಾಬಿನ ತೂಕ

ಗುಟ್ಟು ಇಟ್ಟುಕೊಳ್ಳುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭವಾಗುತ್ತದೆ. ನನ್ನ ಹೊಟ್ಟೆಯಲ್ಲಿ ಗುಟ್ಟು ಒಂದು ದಿನ ಉಳಿದರೆ ಉಬ್ಬರ ಶುರುವಾಗುತ್ತದೆ, ಎರಡನೆಯ ದಿನ ಊಟ ಸೇರುವುದಿಲ್ಲ, ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಏನ್ರಿ, ಆರಾಮ ಅದೀರಿ?’ ಎಂದರೆ ಸಾಕು, ಇದ್ದದ್ದೆಲ್ಲವನ್ನೂ ಅವರ ಮುಂದೆ ಸುರಿದು ಹಗುರಾಗುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಶೈಲಾಳ ಹುಟ್ಟುಹಬ್ಬಕ್ಕೆಂದು ಒಂದು ಸೀರೆ ತಂದು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಅವಳ ಕಣ್ಣು ಅಟ್ಟದ ಕಡೆ ಹೋದಾಗಲೆಲ್ಲ ನನಗೆ ಕೆಮ್ಮು ಬರುತ್ತಿತ್ತು. ಎರಡನೆಯ ದಿನ ಅವಳೇ ಏಣಿ ಹಾಕಿ ಸೀರೆ ಇಳಿಸಿ, ‘ಬಣ್ಣ ಛಲೋ ಐತಿ, ಇನ್ನ ಕೆಮ್ಮೂದು ಬಿಡ್ರಿ’ ಅಂದಳು. ನನ್ನ ತಮ್ಮನಿಗೆ ಕನ್ಯೆ ನೋಡಲು ಹೋದಾಗ, ನಾವು ಆ ದಿನವೇ ಬೆಳಿಗ್ಗೆ ಇನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದಿದ್ದೇವೆ ಎಂಬ ಸಂಗತಿಯನ್ನು ಹುಡುಗಿಯ ತಂದೆಗೆ ನಾನೇ ಹೇಳಿಬಿಟ್ಟೆ. ಅಂದಿನಿಂದ ನಮ್ಮ ಮನೆತನದವರು ಕನ್ಯೆ ನೋಡಲು ಹೋಗುವಾಗ ನನಗೆ ದಿನಾಂಕವನ್ನೇ ತಿಳಿಸುವುದಿಲ್ಲ.

ಇಂಥವನಿಗೆ ಒಂದು ಕಂಪನಿ ಒಂದು ಗುಟ್ಟನ್ನು ಒಪ್ಪಿಸಿತು. ನಾನು ಮೊಬೈಲು, ಟ್ಯಾಬ್ಲೆಟ್ಟು, ಸಣ್ಣ ಲ್ಯಾಪ್‌ಟಾಪು ತಯಾರಿಸುವ ಒಂದು ಕಂಪನಿಯ ಪ್ರತಿನಿಧಿ. ಕಂಪನಿಯ ಹೆಸರನ್ನು ಹೇಳುವುದಿಲ್ಲ, ಅಷ್ಟಾದರೂ ಗುಟ್ಟು ನನ್ನಲ್ಲಿ ಉಳಿಯಲಿ. ಗೋಕಾಕದಲ್ಲಿ ಮನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕು ನನ್ನ ಪಾಲಿಗೆ. ವಾರದಲ್ಲಿ ಆರು ದಿನ ಮೋಟರ್ ಸೈಕಲ್ಲಿನ ಹಿಂದೆ ಕರಿ ಚೀಲ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ ಅಂಗಡಿಯಿಂದ ಅಂಗಡಿಗೆ ಹೋಗುವುದು, ಹೊಸ ಮಾಲು ತೋರಿಸುವುದು, ಹಳೆಯ ಮಾಲು ಯಾಕೆ ಹೋಗಿಲ್ಲ ಎಂದು ಬೈಸಿಕೊಳ್ಳುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿರುವ ನಮ್ಮ ಸಾಹೇಬರು ಒಂದು ದಿನ ಕರೆಸಿ, ಬಾಗಿಲು ಹಾಕಿ, ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಆಮೇಲೆ ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ವಿಷಯ ಹೇಳಿದರು. ಎಂಟಿಂಚಿನ ಸಣ್ಣ ಟ್ಯಾಬು ಬರುತ್ತದೆ. ದರ ಇನ್ನೂ ನಿಗದಿಯಾಗಿಲ್ಲ. ಜನ ಎಷ್ಟು ಕೊಟ್ಟಾರು ಎಂದು ಪ್ರತಿ ತಾಲೂಕಿನಿಂದಲೂ ವರದಿ ಬೇಕು. ‘ಇಂಥದ್ದು ಬಂದರೆ ಎಷ್ಟು ಕೊಡ್ತೀರಿ ಅಂತ ಕೇಳಿ. ಬರುತ್ತದೆ ಅಂತ ಬಾಯಿಬಿಟ್ಟರೆ ನೀವು ಮನೆಯಲ್ಲಿ, ಮೂರು ತಾಲೂಕು ಬೇರೆಯವರ ಕೈಯಲ್ಲಿ’ ಎಂದರು. ಹೋದ ವರ್ಷ ಬೇರೆ ಜಿಲ್ಲೆಯ ಒಬ್ಬರು ಹೀಗೇ ಬಾಯಿಬಿಟ್ಟು ಈಗ ಮನೆಯಲ್ಲಿದ್ದಾರೆ. ನನಗೆ ಅಲ್ಲೇ, ಆ ಕುರ್ಚಿಯಲ್ಲೇ ಉಬ್ಬರ ಶುರುವಾಯಿತು.

ಉಬ್ಬರಕ್ಕೆ ಕಾರಣ ಕೆಲಸದ ಭಯವೊಂದೇ ಆಗಿರಲಿಲ್ಲ. ಮೂಡಲಗಿಯಲ್ಲಿ ದಸ್ತಗೀರ ಕಾಕಾ ಅವರ ಮೊಬೈಲ್ ಅಂಗಡಿ ಇದೆ. ಅವರ ತಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾಕಾ ಕೂಡ ಚಿಕ್ಕಂದಿನಲ್ಲಿ ಅವರ ಸಂಗಡ ತಿದಿ ಒತ್ತಿದವರು. ಸ್ಟೀಲು ಬಂದು ಕಲಾಯಿ ಹೋಯಿತು, ರೇಡಿಯೋ ರಿಪೇರಿ ಬಂದು ಹೋಯಿತು, ಕೊನೆಗೆ ಮೊಬೈಲು ನಿಂತಿತು. ಅಂಗಡಿಯ ಮೂಲೆಯಲ್ಲಿ ತಂದೆ ಕಲಾಯಿ ಹಾಕಿದ್ದ ಒಂದು ಹಿತ್ತಾಳೆ ಕೊಡ ಈಗಲೂ ಇದೆ, ಗಿರಾಕಿಗಳಿಗೆ ಕುಡಿಯುವ ನೀರು ಅದರಲ್ಲೇ. ನಮ್ಮ ಕಡೆ ಅಂಗಡಿಯವರು ದೊಡ್ಡ ಮಾಲು ತರಿಸುವ ಮೊದಲು ಕಂಪನಿಯ ಕಾಗದ ನೋಡುವುದಿಲ್ಲ, ಕಂಪನಿಯ ಮನುಷ್ಯನ ಮುಖ ನೋಡಿ ‘ತರಸ್ಲೇನ್ರಿ?’ ಎಂದು ಕೇಳುತ್ತಾರೆ. ಅವನು ‘ತರಸ್ರಿ’ ಅಂದರೆ ತರಿಸುತ್ತಾರೆ. ಕಾಕಾ ಹುಬ್ಬಳ್ಳಿಯ ಆ ಭೇಟಿಗೆ ಎರಡು ತಿಂಗಳ ಮೊದಲು ನನ್ನನ್ನು ಹಾಗೆ ಕೇಳಿದ್ದರು. ನಾನು ಭಜಿ ತಿನ್ನುತ್ತ, ಬಾಯಿ ತುಂಬ ಇದ್ದಾಗಲೇ, ‘ತರಸ್ರಿ ಕಾಕಾ, ಕಣ್ಣ ಮುಚ್ಚಿ ತರಸ್ರಿ’ ಅಂದಿದ್ದೆ. ಅವರು ಹತ್ತಿಂಚಿನ ದೊಡ್ಡ ಟ್ಯಾಬು ಹದಿನೆಂಟು ತರಿಸಿ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಅಷ್ಟು ದೊಡ್ಡ ಮಾಲನ್ನು ಅವರು ಜೀವಮಾನದಲ್ಲೇ ತರಿಸಿರಲಿಲ್ಲ.

ಸಣ್ಣ ಟ್ಯಾಬು ಬಂದರೆ ದೊಡ್ಡದಕ್ಕೆ ಏನಾಗುತ್ತದೆ ಎಂಬುದನ್ನು ನನಗೆ ಸಾಹೇಬರಿಗಿಂತ ಚೆನ್ನಾಗಿ ತಿಳಿಸಿಕೊಟ್ಟವಳು ಶೈಲಾ. ಅವಳಿಗೆ ನಾನು ಗುಟ್ಟು ಹೇಳಲಿಲ್ಲ ಎಂದು ನೀವು ನಂಬಿದರೆ ನಿಮ್ಮ ಒಳ್ಳೆಯತನಕ್ಕೆ ಕೈ ಮುಗಿಯುತ್ತೇನೆ. ನಮ್ಮ ಕಂಪನಿಯ ಮಾಲು ಏಣಿಯ ಮೆಟ್ಟಿಲ ಹಾಗೆ ನಿಂತಿತ್ತು: ದೊಡ್ಡ ಮೊಬೈಲು ಹದಿಮೂರು ಸಾವಿರ, ದೊಡ್ಡ ಟ್ಯಾಬು ಹದಿನೆಂಟು, ಸಣ್ಣ ಲ್ಯಾಪ್‌ಟಾಪು ಇಪ್ಪತ್ತೆಂಟು. ಹೊಸದು ಎಲ್ಲಿ ನಿಲ್ಲುತ್ತದೆ? ಅದು ಒಂಬತ್ತು ಹತ್ತು ಸಾವಿರಕ್ಕೆ ಬಂದರೆ ಕೆಳಗಿನ ಮೊಬೈಲನ್ನೂ ಮೇಲಿನ ಟ್ಯಾಬನ್ನೂ ಒಟ್ಟಿಗೆ ನುಂಗುತ್ತದೆ. ಹದಿನಾರರ ಹತ್ತಿರ ಬಂದರೆ ಜನ ‘ಇನ್ನೆರಡ ಸಾವಿರ ಹಾಕಿ ದೊಡ್ಡದ ಒಯ್ತೇವ ಬಿಡ್ರಿ’ ಎನ್ನುತ್ತಾರೆ, ಕಾಕಾನ ಹದಿನೆಂಟೂ ಸುಖವಾಗಿ ಹೋಗುತ್ತವೆ. ಶೈಲಾ ಜೋಳದ ಹಿಟ್ಟು ನಾದುತ್ತಿದ್ದಳು. ‘ನಮ್ಮ ಮನ್ಯಾಗ ಸಣ್ಣ ಗಂಗಾಳ ತಂದಾಗಿಂದ ದೊಡ್ಡ ಗಂಗಾಳದಾಗ ಯಾರರ ಉಂಡಾರೇನು? ಅಟ್ಟದ ಮ್ಯಾಲ ಕುಂತಾವು. ಸಣ್ಣದು ಸಸ್ತಾ ಇತ್ತು, ಅದಕ್ಕ ಆರು ತಂದೆ’ ಅಂದಳು. ಆಮೇಲೆ ಕೈ ತಡೆದು, ‘ಕಾಕಾಗ ಹೇಳೀರೇನು?’ ಎಂದು ಕೇಳಿದಳು. ಹೇಳಿದರೆ ಕೆಲಸ ಹೋಗುತ್ತದೆ ಎಂದೆ. ಅವಳು ಮತ್ತೆ ಹಿಟ್ಟು ನಾದತೊಡಗಿದಳು, ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿ.

ಮೊದಲ ತೊಂದರೆ ಬಂದದ್ದು ಗೋಕಾಕದಲ್ಲೇ. ಕಂಪನಿ ಕೊಟ್ಟದ್ದು ಅಳತೆಯ ಒಂದು ಚೀಟಿ ಮಾತ್ರ. ಉದ್ದ, ಅಗಲ, ದಪ್ಪ ಮಿಲಿಮೀಟರಿನಲ್ಲಿತ್ತು. ತೂಕದ ಜಾಗದಲ್ಲಿ ‘ನಂತರ ತಿಳಿಸಲಾಗುವುದು’ ಎಂದಿತ್ತು. ನಾನು ಒಬ್ಬ ಅಂಗಡಿಯವರ ಮುಂದೆ ನಿಂತು ಇನ್ನೂರು ಚಿಲ್ಲರೆ ಮಿಲಿಮೀಟರ್ ಉದ್ದದ್ದು ಬಂದರೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಅವರು ‘ಪೈಪಿನ ಧಂದೆ ಯಾವಾಗ ಶುರು ಮಾಡಿದ್ರಿ?’ ಎಂದರು. ಕೈಯಲ್ಲಿ ಹಿಡಿಯುವ ವಸ್ತುವನ್ನು ಕೈಯಲ್ಲಿ ಹಿಡಿಯದೆ ನಮ್ಮ ಕಡೆಯವರು ದರ ಹೇಳುವುದಿಲ್ಲ. ಆಗ ನನಗೆ ಹೊಳೆದದ್ದು ಈರಣ್ಣ. ಅವರು ನಮ್ಮ ಓಣಿಯ ಹಿಂದೆಯೇ ಕಟ್ಟಿಗೆಯ ಗೊಂಬೆ ಮಾಡುತ್ತಾರೆ. ಹಣ್ಣು, ತರಕಾರಿ, ಗಿಳಿ ಏನು ಮಾಡಿದರೂ ಬಣ್ಣ ಒಣಗಿದ ಮೇಲೆ ಖರೆಯದು ಯಾವುದು ಎಂದು ತಿಳಿಯುವುದಿಲ್ಲ. ಅವರ ಮನೆಗೆ ಹೋದ ನೆಂಟರೊಬ್ಬರು ಕಟ್ಟಿಗೆಯ ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಬಹಳ ಹೊತ್ತು ಕಷ್ಟಪಟ್ಟರು ಎಂದು ಹೇಳುತ್ತಾರೆ. ಆ ನೆಂಟ ನಾನೇ. ಈರಣ್ಣ ಎರಡು ದಿನದಲ್ಲಿ ಚೀಟಿಯ ಅಳತೆಗೆ ಸರಿಯಾಗಿ ಒಂದು ಟ್ಯಾಬು ಕೊರೆದು, ಕರಿ ಬಣ್ಣ ಹಚ್ಚಿ, ಹೊಳಪು ಕೊಟ್ಟು, ಹಿಂದೆ ಕ್ಯಾಮೆರಾದ ಕಣ್ಣನ್ನೂ ಕೂರಿಸಿ ಕೊಟ್ಟರು. ನಾನು ಅದಕ್ಕೆ ರೆಕ್ಸಿನ್ನಿನ ಕವರು ಹಾಕಿಸಿದೆ. ಮೇಜಿನ ಮೇಲಿಟ್ಟರೆ ಯಾರಾದರೂ ಚಾರ್ಜರು ಹುಡುಕಬೇಕು, ಹಾಗಿತ್ತು.

ಅದನ್ನು ಹಿಡಿದು ಗೋಕಾಕದ ಐದು ಅಂಗಡಿಗೆ ಹೋದೆ. ಐವರೂ ಮಾಡಿದ ಕೆಲಸ ಒಂದೇ. ಪರದೆ ನೋಡಲಿಲ್ಲ, ಉದ್ದ ಅಗಲ ನೋಡಲಿಲ್ಲ. ಅಂಗೈಯ ಮೇಲಿಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಮಾಡಿದರು, ‘ಹಗರ ಐತಿ’ ಅಂದರು, ಏಳು ಎಂದರು, ಎಂಟು ಎಂದರು. ಅವರ ತಪ್ಪಿಲ್ಲ. ನಾವು ಯಾವುದನ್ನು ಕೈಯಲ್ಲಿ ತೂಗದೆ ಕೊಂಡಿದ್ದೇವೆ? ನನ್ನ ಅವ್ವ ಹುಕ್ಕೇರಿ ಸಂತೆಯಲ್ಲಿ ಒಂದು ಗಡ್ಡೆ ಕೋಸಿಗಾಗಿ ಹನ್ನೆರಡು ಕೋಸು ಎತ್ತಿ ಇಳಿಸುತ್ತಿದ್ದಳು, ಮಾರುವವಳು ಬೇಸತ್ತು ‘ಯವ್ವಾ, ಕೂಸಿನ್ನ ಎತ್ತಿ ಆಡಿಸಿದಂಗ ಆಡಸಬ್ಯಾಡ’ ಅನ್ನುವ ತನಕ. ಬೆಲ್ಲದ ಪೆಂಟೆ, ತಾಮ್ರದ ಚರಿಗೆ, ಬೀಗ, ಚಪ್ಪಲಿ ಎಲ್ಲವೂ ಅಂಗೈ ದಾಟಿಯೇ ಮನೆಗೆ ಬರಬೇಕು. ಮದುವೆಯ ಆಮಂತ್ರಣ ಬಂದರೂ ನನ್ನ ಮಾವ ಅದನ್ನು ಓದುವ ಮೊದಲು ಕೈಯಲ್ಲಿ ತೂಗುತ್ತಾರೆ. ಕಾರ್ಡು ದಪ್ಪಗಿದ್ದರೆ ಮನೆಮಂದಿಯೆಲ್ಲ ಊಟಕ್ಕೆ ಹೊರಡುತ್ತೇವೆ, ತೆಳ್ಳಗಿದ್ದರೆ ಯಾರೋ ಒಬ್ಬರು ಹೋಗಿ ಅಕ್ಷತೆ ಹಾಕಿ ಬರುತ್ತಾರೆ. ಈರಣ್ಣನ ಗೊಂಬೆಯ ಕಟ್ಟಿಗೆಯೋ ಹೂವಿನ ಹಾಗೆ ಹಗುರ. ನಾನು ಮೂರು ತಾಲೂಕಿಗೆ ತಿರುಗಿ ಏಳು ಎಂಟು ಎಂದು ಬರೆದು ಕಳಿಸಿದರೆ, ಕಂಪನಿ ಅದನ್ನೇ ಹಿಡಿದರೆ, ಮೂಡಲಗಿಯ ಗಾಜಿನ ಕಪಾಟಿನಲ್ಲಿ ನಿಂತ ಹದಿನೆಂಟು ಟ್ಯಾಬುಗಳು ನನ್ನ ಮನೆಯ ಅಟ್ಟದ ಗಂಗಾಳಗಳಾಗುತ್ತವೆ. ಐದನೆಯ ಅಂಗಡಿಯಿಂದ ಹೊರಗೆ ಬಂದು ಕಟ್ಟಿಗೆಯದನ್ನು ಚೀಲದ ತಳಕ್ಕೆ ತುರುಕಿದೆ.

ಮಧ್ಯಾಹ್ನ ಊಟಕ್ಕೂ ಹೋಗದೆ ನೇರವಾಗಿ ಈರಣ್ಣನ ಮನೆಗೆ ಹೋದೆ. ಅವರು ಒಂದು ಗಿಳಿಗೆ ಹಸಿರು ಹಚ್ಚುತ್ತಿದ್ದರು. ಈ ಟ್ಯಾಬಿನ ಹೊಟ್ಟೆ ಕೊರೆದು ಸೀಸ ತುಂಬಿಕೊಡಿ ಎಂದೆ. ಈರಣ್ಣ ಕುಂಚ ಕೆಳಗಿಟ್ಟರು. ‘ಗೊಂಬಿ ಬೀಳಬಾರ್ದು ಅಂತ ಬುಡಕ ಶೀಸಾ ಹಾಕತೇವ್ರಿ. ಇಲ್ಲಿ ಯಾರು ಬೀಳಬಾರ್ದು?’ ಎಂದು ಕೇಳಿದರು. ನಾನು ಎರಡು ಸಲ ಕೆಮ್ಮಿದೆ. ಅವರು ಉಳಿ ತೆಗೆದುಕೊಂಡರು. ಒಂದು ಮೂಲೆಯಲ್ಲಿ ಗುಳಿ ತೋಡಿ, ಸೀಸ ಕಾಸಿ ಹೊಯ್ದು, ಮೇಲೆ ಕಟ್ಟಿಗೆಯ ತುಂಡು ಕೂರಿಸಿ, ಮತ್ತೆ ಬಣ್ಣ ಹಚ್ಚಿ ಕೊಟ್ಟರು. ನಾನು ಅದನ್ನು ಅಂಗೈಯಲ್ಲಿ ತೂಗಿ ನೋಡಿದೆ. ಎಲ್ಲವೂ ಗೊತ್ತಿದ್ದ ನನಗೇ ಅದು ಬೆಲೆಬಾಳುವ ವಸ್ತು ಅನ್ನಿಸಿತು.

ಮರುದಿನ ಘಟಪ್ರಭಾ ದಾಟಿ ಹುಕ್ಕೇರಿಗೆ ಹೋದೆ. ಹುಕ್ಕೇರಿಯ ಮೊದಲ ಅಂಗಡಿಯವರು ಅದನ್ನು ಎತ್ತಿ ‘ಹಾಂ’ ಅಂದರು. ಆ ‘ಹಾಂ’ ನನ್ನ ಎದೆಗೆ ತಂಪು ಹಾಕಿತು. ಹದಿನಾಲ್ಕು ಎಂದರು. ಎರಡನೆಯವರು ಹದಿನೈದು. ಮೂರನೆಯವರು ಕವರನ್ನು ಬಿಚ್ಚಲು ಹೋದರು. ಬಿಚ್ಚಿದರೆ ಕಟ್ಟಿಗೆ, ಬೆರಳಿನಿಂದ ಬಡಿದರೂ ಕಟ್ಟಿಗೆ. ‘ಬ್ಯಾಡ್ರಿ, ಕಂಪನಿ ರೂಲ್ಸ್ ಐತಿ’ ಎಂದು ಅವರ ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡ ರಭಸಕ್ಕೇ ಅವರು ದರವನ್ನು ಒಂದು ಸಾವಿರ ಏರಿಸಿದರು. ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕ ಅಂಗಡಿ ಇಟ್ಟಿರುವ ಸುವರ್ಣಾ ಎಂಬವರಿದ್ದಾರೆ. ಲಾರಿಯವರಿಗೆ ಮೊಬೈಲು ಮಾರಿ ಮಾರಿ ಯಾರನ್ನೂ ಸುಲಭಕ್ಕೆ ನಂಬದವರು. ಅವರು ಅದನ್ನು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಒಂದು ದೊಡ್ಡ ಮೊಬೈಲು ಹಿಡಿದು, ಕಣ್ಣು ಮುಚ್ಚಿ ತೂಗಿದರು. ಆಗ ರಸ್ತೆಯ ಮೇಲೆ ಹೋದ ಲಾರಿಗಳೆಷ್ಟು ಎಂದು ಬೇಕಾದರೆ ಹೇಳಬಲ್ಲೆ, ಹನ್ನೊಂದು. ಕಣ್ಣು ಬಿಟ್ಟು, ‘ದಮ್ ಐತ್ರಿ ಇದರಾಗ. ಹದಿನಾರು ಕೊಡಬಹುದು’ ಅಂದರು. ನಾನು ಅವರ ಅಂಗಡಿಯ ಬಾಜೂ ನಿಂತು ಎರಡು ಗ್ಲಾಸು ಕಬ್ಬಿನ ಹಾಲು ಕುಡಿದೆ.

ಮೂಡಲಗಿಯಲ್ಲಿ ಬೇರೆ ಅಂಗಡಿಗಳಿಗೆ ಮಾತ್ರ ಹೋಗಿ ಕಾಕಾನ ಅಂಗಡಿಯ ಮುಂದೆ ಹಾಯದೆ ಬಂದುಬಿಡಬೇಕು ಎಂದು ನನ್ನ ಲೆಕ್ಕ. ದಾರಿಯಲ್ಲಿ ನಾಗನೂರ ದಾಟುವಾಗಲೇ ಕಾಕಾನ ಫೋನು ಬಂತು. ‘ಎಲ್ಲಾರಿಗೂ ಏನೋ ತೋರಿಸಿರಂತ. ನಮಗ ಯಾಕಿಲ್ರಿ?’ ನಮ್ಮ ಕಡೆ ಸುದ್ದಿ ಮೋಟರ್ ಸೈಕಲ್ಲಿಗಿಂತ ಮುಂದೆ ಹೋಗುತ್ತದೆ. ಹೋಗದೆ ವಿಧಿಯಿರಲಿಲ್ಲ.

ಕಾಕಾ ಎಂದಿನಂತೆ ಸ್ಟೂಲು ಸರಿಸಿದರು, ಹಿತ್ತಾಳೆ ಕೊಡದಿಂದ ನೀರು ಕೊಟ್ಟರು. ಹದಿನೆಂಟು ಟ್ಯಾಬುಗಳು ಕಪಾಟಿನಲ್ಲಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಕಾಕಾ ಅವುಗಳ ಗಾಜನ್ನು ದಿನಾ ಒರೆಸುತ್ತಿದ್ದರು ಎಂದು ಕಾಣುತ್ತದೆ, ನನ್ನ ಮುಖ ಅದರಲ್ಲಿ ಸ್ವಚ್ಛವಾಗಿ ಕಂಡಿತು. ನಾನು ಚೀಲದಿಂದ ಅದನ್ನು ತೆಗೆದು ಕೊಟ್ಟೆ. ಅವರು ಬಲಗೈಯಲ್ಲಿ ತೂಗಿದರು, ಎಡಗೈಗೆ ತೆಗೆದುಕೊಂಡರು, ಆಮೇಲೆ ತೋರುಬೆರಳಿನ ತುದಿಯ ಮೇಲೆ ಅದರ ನಡುವನ್ನು ಇಟ್ಟರು. ಅದು ಒಂದು ಮೂಲೆಗೆ ಮೆಲ್ಲಗೆ ವಾಲಿತು. ಕಾಕಾ ಅದನ್ನು ಬೀಳದಂತೆ ಹಿಡಿದು ನನ್ನ ಮುಂದೆ ಇಟ್ಟರು.

‘ಇಂಥಾದ್ದು ಬಂದ್ರ ದೊಡ್ಡವರ ಗತಿ ಏನ್ರಿ?’ ಎಂದು ಕಪಾಟಿನ ಕಡೆ ಕೈ ಮಾಡಿದರು.

ಬಂದರೆ ತಾನೆ ಕಾಕಾ, ಎಂದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿಸಿತು.

ಕಾಕಾ ನನ್ನ ಮುಖವನ್ನು ನೋಡಿದರು. ಅವರು ನನ್ನನ್ನು ಹನ್ನೆರಡು ವರ್ಷದಿಂದ ಬಲ್ಲರು. ‘ನನಗ ಏನರ ಹೇಳೂದು ಐತೇನ್ರಿ?’

ಹೇಳುವುದು ಗಂಟಲ ತನಕ ಬಂದಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಆ ಕಾಗದದ ಮೇಲಿನ ನನ್ನ ಸಹಿ, ಸಾಹೇಬರು ಹಾಕಿದ ಬಾಗಿಲು, ಮನೆಯಲ್ಲಿ ಕುಳಿತ ಆ ಬೇರೆ ಜಿಲ್ಲೆಯ ಮನುಷ್ಯ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ದರ ಏರಿಸಿ ಬರೆಸಿದ್ದೇನಲ್ಲ, ಅದೇ ನಿಮ್ಮನ್ನು ಕಾಯುತ್ತದೆ, ಹೇಳದಿದ್ದರೂ ನಡೆಯುತ್ತದೆ ಎಂದು ಮನಸ್ಸಿನಲ್ಲೇ ಅವರಿಗೆ ಹೇಳಿದೆ. ಬಾಯಿಂದ ಬಂದದ್ದು, ‘ಏನೂ ಇಲ್ರಿ ಕಾಕಾ.’

‘ಹಂಗಾರ ನಂದು ಹದಿನಾರು ಬರಕೋರಿ’ ಎಂದರು. ‘ಚಹಾ ಕುಡೀರಿ.’

ಚಹಾ ಕುಡಿದೆ. ಭಜಿ ತರಿಸುತ್ತೇನೆ ಎಂದರು, ಬೇಡವೆಂದೆ. ಹನ್ನೆರಡು ವರ್ಷದಲ್ಲಿ ಅವರ ಅಂಗಡಿಯಲ್ಲಿ ಭಜಿ ಬೇಡವೆಂದದ್ದು ಅದೇ ಮೊದಲು.

ವರದಿ ಕಳಿಸಿದೆ. ಗೋಕಾಕದ ಐದು ಹಗುರ ದರಗಳನ್ನು ಬಿಟ್ಟು ಉಳಿದ ಭಾರದ ದರಗಳನ್ನೆಲ್ಲ ಬರೆದೆ. ಆಮೇಲಿನ ಒಂದು ತಿಂಗಳನ್ನು ನಾನು ಜೀರಿಗೆ ನೀರಿನ ಮೇಲೆ ಕಳೆದೆ ಎಂದರೆ ಹೆಚ್ಚಲ್ಲ. ಮೂಡಲಗಿಯ ಕಡೆ ಹೋಗದಿರಲು ನೂರು ನೆಪ ಹುಡುಕಿದೆ. ಗಾಡಿಗೆ ರಿಪೇರಿ, ನನಗೆ ಜ್ವರ, ಹುಕ್ಕೇರಿಯಲ್ಲಿ ಕೆಲಸ. ಶೈಲಾ ನನ್ನ ಮುಂದೆ ರೊಟ್ಟಿ ಇಟ್ಟು, ‘ಉಣ್ರಿ, ಇಲ್ಲಾ ಹೇಳಿ ಬರ್ರಿ. ಎರಡರಾಗ ಒಂದ ಮಾಡ್ರಿ’ ಎನ್ನುತ್ತಿದ್ದಳು. ಒಂದು ಗುಟ್ಟು ನನ್ನೊಳಗೆ ಇಷ್ಟು ದಿನ ನಿಂತದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಈಗ ನಾಚಿಕೆಯಿಂದ ಹೇಳುತ್ತೇನೆ. ಕೊನೆಗೂ ನಾನು ಗಟ್ಟಿ ಮನುಷ್ಯನಾದೆ ಎಂದುಕೊಳ್ಳುತ್ತಿದ್ದೆ.

ಕೊನೆಗೆ ಕಂಪನಿ ಸಣ್ಣ ಟ್ಯಾಬನ್ನು ಹೊರಗೆ ಬಿಟ್ಟಿತು. ನಾನು ಗೋಕಾಕದ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ದರ ನೋಡಿದೆ. ಹದಿನಾರು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ. ದೊಡ್ಡದರ ದರ ಹದಿನೆಂಟೇ ಉಳಿದಿತ್ತು, ಒಂದು ಪೈಸೆ ಇಳಿದಿರಲಿಲ್ಲ. ನಾನು ಎದ್ದು ನಿಂತೆ, ಮತ್ತೆ ಕುಳಿತೆ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸಾಹೇಬರ ಫೋನು. ನಿಮ್ಮ ವರದಿ ಬಹಳ ಉಪಯೋಗಕ್ಕೆ ಬಂತು ಎಂದರು. ಎಲ್ಲ ತಾಲೂಕಿನವರಿಗೂ ಹಾಗೇ ಹೇಳಿದ್ದಾರೆಂದು ಆಮೇಲೆ ತಿಳಿಯಿತು, ಆದರೆ ಆ ಗಳಿಗೆಯಲ್ಲಿ ಇಡೀ ದೇಶದ ದರವನ್ನು ಈರಣ್ಣನ ಸೀಸವೇ ಎತ್ತಿ ನಿಲ್ಲಿಸಿದೆ ಎಂದು ನಾನು ನಂಬಿದೆ. ಸಾಹೇಬರು ಮುಂದುವರಿಸಿದರು. ಇಷ್ಟು ಹೆಚ್ಚಿನ ದರ ಕೊಡಲು ಒಪ್ಪಿದ ಜನ ಬೇರೆ ಯಾವ ತಾಲೂಕಿನಲ್ಲೂ ಇಲ್ಲ, ಆದ್ದರಿಂದ ಸಣ್ಣ ಟ್ಯಾಬು ಎಲ್ಲರಿಗೂ ಇಪ್ಪತ್ತು, ನಿಮಗೆ ಅರವತ್ತು ಕಳಿಸುತ್ತಿದ್ದೇವೆ, ಮಾರಿ ತೋರಿಸಿ. ಅರವತ್ತು ಎಂಬ ಮಾತು ಆಗ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಕಾಕಾನ ಹದಿನೆಂಟು.

ಗಾಡಿ ಹತ್ತಿ ಮೂಡಲಗಿಗೆ ಹೊರಟೆ. ದಾರಿಯಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡೆ. ಕಾಕಾನ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು, ನಿಮಗಾಗಿ ನಾನು ಏನೇನು ಮಾಡಿದೆ ಎಂದು ತಿಳಿದರೆ ಅವರು ಎದ್ದು ತಬ್ಬಿಕೊಳ್ಳುತ್ತಾರೆ, ಆಗ ನಾನು ‘ಅದರಾಗೇನ್ರಿ’ ಎಂದು ತಲೆ ತಗ್ಗಿಸಬೇಕು ಎಂದು ನಾಗನೂರ ಬರುವಷ್ಟರಲ್ಲಿ ಪೂರ್ತಿ ತಯಾರಿ ಮಾಡಿಕೊಂಡಿದ್ದೆ.

ಅಂಗಡಿಗೆ ಹೋಗಿ ನೋಡಿದರೆ ಗಾಜಿನ ಕಪಾಟು ಖಾಲಿ. ಒರೆಸಿದ ಗಾಜು, ಹಿಂದೆ ಬರೀ ಹಲಗೆ.

‘ಎಲ್ಲಿ ಹ್ವಾದ್ವು ಕಾಕಾ?’

‘ಮಾರಿಬಿಟ್ಟೆ. ನೀವು ಬಂದು ಹೋದ ಮರದಿನಾನ. ಘಟಪ್ರಭಾದಾಗ ಕೋಚಿಂಗ್ ಕ್ಲಾಸಿನವರು ಒಬ್ಬರು ಕಮ್ಮಿ ಮಾಡಿದ್ರ ಎಲ್ಲಾ ಒಯ್ತೇವಿ ಅಂತಿದ್ರು. ಹದಿನಾಲ್ಕಕ್ಕ ಒಂದರಂಗ ಕೊಟ್ಟೆ.’

ಕಾಕಾಗೆ ಒಂದು ಟ್ಯಾಬು ಬಿದ್ದದ್ದೇ ಹದಿನಾರೂವರೆ ಸಾವಿರಕ್ಕೆ. ನಾನು ಕರದಂಟಿನ ಪೊಟ್ಟಣ ಹಿಡಿದು ನಿಂತೇ ಇದ್ದೆ. ಇಂದು ದರ ಬಂತು ಕಾಕಾ, ಸಣ್ಣದು ಹದಿನಾರಕ್ಕೆ ಬಂತು, ಇಟ್ಟುಕೊಂಡಿದ್ದರೆ ಎಲ್ಲವೂ ಹದಿನೆಂಟಕ್ಕೇ ಹೋಗುತ್ತಿದ್ದವಲ್ಲ, ಯಾಕೆ ಅವಸರ ಮಾಡಿದಿರಿ ಎಂದೆ. ಕಾಕಾ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

‘ಅಪ್ಪನ ಸಂಗಾಟ ಕಲಾಯಿ ಮಾಡಿದ ಕೈ ರಿ ಇದು. ಶೀಸಾ ತಿಳಿಯೂದಿಲ್ಲೇನು? ನಿಮ್ಮ ಕಟಗಿ ಬೆರಳ ಮ್ಯಾಲ ಇಟ್ಟಾಗ ಒಂದ ಮೂಲಿಗೆ ವಾಲಿತು. ಹಗರ ಮಾಲಿಗೆ ಶೀಸಾ ತುಂಬಿ ತೋರಸಾಕತ್ತಾರ ಅಂದ್ರ ಖರೇ ಮಾಲು ಎಷ್ಟು ಹಗರ ಇರಬೇಕು, ಎಷ್ಟು ಸಸ್ತಾ ಬರಬೇಕು ಅಂದಕೊಂಡೆ. ಆದ್ರೂ ನಿಮ್ಮನ್ನ ಕೇಳಿದೆ, ಏನರ ಹೇಳೂದು ಐತೇನು ಅಂತ. ಏನೂ ಇಲ್ಲ ಅಂದ್ರಿ.’ ಕಾಕಾ ಖಾಲಿ ಕಪಾಟಿನ ಗಾಜನ್ನು ಒಮ್ಮೆ ಒರೆಸಿದರು. ‘ನಿಮ್ಮ ಹೊಟ್ಯಾಗ ಏನೂ ನಿಲ್ಲೂದಿಲ್ಲ ಅಂತ ಮೂರು ತಾಲೂಕಿಗೆ ಗೊತ್ತೈತಿ. ಅಂಥಾವ್ರು ನೀವ ಮುಚ್ಚಿಡಾಕತ್ತೀರಿ ಅಂದ ಮ್ಯಾಲ ಸುದ್ದಿ ಎಷ್ಟು ಖರಾಬ ಇರಬೇಕು ಅಂತ ಹೆದರಿದೆ. ಭಜೀನೂ ತಿನ್ನಲಿಲ್ಲ ನೀವು.’

ಆಗ ಹೇಳಿದೆ, ಎಲ್ಲವನ್ನೂ. ಹುಬ್ಬಳ್ಳಿಯ ಬಾಗಿಲು, ಸಹಿ, ಚೀಟಿ, ಗಂಗಾಳ, ಈರಣ್ಣ ಕೇಳಿದ ಪ್ರಶ್ನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಎರಡೂವರೆ ಸಾವಿರದಂತೆ ಹದಿನೆಂಟು ಸಲ ನಷ್ಟವಾದ ಮನುಷ್ಯ ನನ್ನ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ನನ್ನ ಉಬ್ಬರ ಇಳಿಯಿತು, ತಿಂಗಳ ನಂತರ ಹಸಿವಾಯಿತು. ಯಾರನ್ನು ಉಳಿಸಲು ಸೀಸ ತುಂಬಿಸಿದ್ದೆನೋ ಅದೇ ಸೀಸ ಅವರನ್ನು ಬೀಳಿಸಿದ ಗಳಿಗೆಯಲ್ಲೇ ನನಗೆ ಹಸಿವಾದದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಾಕಾ ಎಲ್ಲ ಕೇಳಿ, ‘ನನ್ನ ಸಲುವಾಗಿ ಮಾಡೀರಿ, ಖರೆ. ಶೀಸಾ ಹಾಕೇನಿ ಅಂತ ಒಂದ ಮಾತ ಅಂದಿದ್ರ ಸಾಕಿತ್ತು’ ಎಂದರು. ಆಮೇಲೆ ಕೈ ಮುಂದೆ ಮಾಡಿ, ಆ ಕಟ್ಟಿಗೆಯ ಟ್ಯಾಬು ಚೀಲದಲ್ಲಿದ್ದರೆ ಕೊಟ್ಟು ಹೋಗಿ ಎಂದರು. ಕೊಟ್ಟೆ. ಅದನ್ನು ಖಾಲಿ ಕಪಾಟಿನ ನಡುವೆ ನಿಲ್ಲಿಸಿದರು.

ಅದು ಈಗಲೂ ಅಲ್ಲೇ ಇದೆ. ಗಿರಾಕಿಗಳು ಅದನ್ನೇ ಎತ್ತಿ ತೂಗಿ, ಇದು ಎಷ್ಟು ಎಂದು ಕೇಳುತ್ತಾರಂತೆ. ನನ್ನ ಅರವತ್ತು ಖರೇ ಟ್ಯಾಬುಗಳನ್ನು ಹಾಗೆ ಯಾರೂ ಕೇಳುತ್ತಿಲ್ಲ. ಅವನ್ನು ಅಂಗೈಯ ಮೇಲಿಟ್ಟುಕೊಂಡು, ‘ಇಷ್ಟು ಹಗರಕ್ಕ ಹದಿನಾರೇನ್ರಿ?’ ಎಂದು ಮರಳಿಸುತ್ತಾರೆ. ದರ ಬರೆಸಿದ ಅಂಗಡಿಯವರೂ, ಹತ್ತರಗಿಯ ಸುವರ್ಣಾ ಅವರೂ ಅದನ್ನೇ ಹೇಳುತ್ತಾರೆ. ಸಾಹೇಬರು ದಿನಾ ಫೋನು ಮಾಡುತ್ತಾರೆ.

ಹೋದ ವಾರ ಧೈರ್ಯ ಮಾಡಿ ಹತ್ತು ಸಣ್ಣ ಟ್ಯಾಬುಗಳನ್ನು ಚೀಲದಲ್ಲಿ ಹಾಕಿಕೊಂಡು ಮೂಡಲಗಿಗೆ ಹೋದೆ. ಕಾಕಾ ಸ್ಟೂಲು ಸರಿಸಿದರು, ನೀರು ಕೊಟ್ಟರು, ಭಜಿ ತರಿಸಿದರು. ನಾನು ಭಜಿ ತಿಂದೆ, ಬೇಕೆಂದೇ ಅವರಿಗೆ ಕಾಣುವಂತೆ ತಿಂದೆ. ಆಮೇಲೆ ಹತ್ತನ್ನೂ ಸಾಲಾಗಿ ಮುಂದಿಟ್ಟು, ‘ಕಾಕಾ, ಈ ಸಲ ಖರೇನ ಹೇಳಾಕತ್ತೇನಿ. ಮಾಲು ಛಲೋ ಐತಿ, ಕಣ್ಣ ಮುಚ್ಚಿ ತಗೋರಿ’ ಎಂದೆ.

ಕಾಕಾ ಅವುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಕಟ್ಟಿಗೆಯದನ್ನು ತಂದರು. ಅದನ್ನು ಅಂಗೈಯ ಮೇಲಿಟ್ಟುಕೊಂಡು, ಮೆಲ್ಲಗೆ ಎರಡು ಸಲ ಮೇಲೆ ಕೆಳಗೆ ಮಾಡುತ್ತ, ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

‘ಚಹಾ ಕುಡೀರಿ’ ಅಂದರು.

ನಾನು ಚಹಾ ಕುಡಿದೆ. ಹತ್ತನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡೆ.